ಇನ್ನರ್ಧ ಸುತ್ತು

ಪೈಪು ಜೋಡಿಸುವವರ ನಡುವೆ ನಮ್ಮಪ್ಪನಿಗಿದ್ದ ಹೆಸರು ‘ಇನ್ನರ್ಧ’. ಕೊಟ್ಟವರು ಗೇಲಿಗೆ ಕೊಟ್ಟರು, ಅಪ್ಪ ಬಿರುದಿನಂತೆ ಹೊತ್ತುಕೊಂಡ. ಬೇರೆಯವರು ಸ್ಪ್ಯಾನರ್ ಹಾಕಿ, ಬಿಗಿಯಾಯಿತು ಎಂದು ಕೈ ಒರೆಸಿಕೊಳ್ಳುವ ಕಡೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಉಸಿರು ಹಿಡಿದು, ಹೆಗಲು ಕೊಟ್ಟು, ಇನ್ನರ್ಧ ಸುತ್ತು ತಿರುಗಿಸಿಯೇ ಏಳುವವನು. ಮೂವತ್ತೊಂದು ವರ್ಷದಲ್ಲಿ ತಾನು ಜೋಡಿಸಿದ್ದು ಒಂದೂ ಸೋರಲಿಲ್ಲ ಎಂಬುದು ಅವನ ಹೆಮ್ಮೆ. ಅವನ್ನು ಮತ್ತೆ ಬಿಚ್ಚಬೇಕಾಗಿ ಬಂದವರು ಅವನ ವಂಶವನ್ನೆಲ್ಲ ಬೈದಿರುತ್ತಾರೆ ಎಂಬುದು ನನ್ನ ಅಂದಾಜು.

ಆ ಕೈಯನ್ನು ಅವನು ಕೆಲಸದ ಜಾಗದಲ್ಲೇ ಬಿಟ್ಟು ಬರುತ್ತಿದ್ದರೆ ನನಗೇನೂ ತಕರಾರಿರಲಿಲ್ಲ. ಮನೆಯ ನಲ್ಲಿಗೂ ಇನ್ನರ್ಧ, ಸಕ್ಕರೆ ಡಬ್ಬಿಗೂ ಇನ್ನರ್ಧ, ಹಲ್ಲುಜ್ಜುವ ಪೇಸ್ಟಿನ ಮುಚ್ಚಳಕ್ಕೂ ಇನ್ನರ್ಧ. “ಇವರು ಮುಚ್ಚಿದ್ದನ್ನ ತೆಗೆಯೋಕೆ ಇವರೇ ಬೇಕು. ಅದಕ್ಕೇ ಇನ್ನೂ ಜೊತೆಲಿದ್ದೀನಿ” ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಒದ್ದೆ ಹೊದಿಕೆಗಳನ್ನು ಹಿಂಡಿ ಹಿಂಡಿ ಅವಳ ಮಣಿಕಟ್ಟು ಗಟ್ಟಿಯಾಗಿತ್ತು. ಅಪ್ಪನ ಮುಚ್ಚಳಗಳಿಗೆ ಸರಿಜೋಡಿ.

ಅಪ್ಪನ ಈ ‘ಇನ್ನರ್ಧ’ಕ್ಕೆ ಕಾರಣವೊಂದಿತ್ತು. ಅದನ್ನು ಹೇಳಿದವಳೂ ಅಮ್ಮನೇ, ಅಪ್ಪ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ದೊಡ್ಡ ಕಚೇರಿಯ ಆರನೇ ಮಹಡಿಯಲ್ಲಿ ಅವನು ಜೋಡಿಸಿದ ಪೈಪೊಂದು ಶನಿವಾರ ಮಧ್ಯಾಹ್ನ ತೊಟ್ಟಿಕ್ಕಲು ಶುರುವಾಯಿತು. ಸೋಮವಾರ ಬಾಗಿಲು ತೆರೆಯುವಷ್ಟರಲ್ಲಿ ಕೆಳಗಿನ ಮೂರು ಮಹಡಿಗಳ ಕಾಗದಪತ್ರವೆಲ್ಲ ಗಂಜಿ. ಮೇಸ್ತ್ರಿ ನಲವತ್ತು ಜನರ ಎದುರು ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, “ನಿನಗೆ ಹಾಲಿನ ಬಾಟಲಿ ಮುಚ್ಚೋಕೂ ಬರಲ್ಲ” ಎಂದನಂತೆ. ಒಂಬತ್ತು ತಿಂಗಳು ಅಪ್ಪ ಕೆಲಸವಿಲ್ಲದೆ ಕೂತ. ಮತ್ತೆ ಕೆಲಸ ಸಿಕ್ಕಾಗ ಆ ಅರ್ಧ ಸುತ್ತು ಅವನ ಕೈಗೆ ಅಂಟಿಕೊಂಡಿತ್ತು. ಒಂದೂ ಸೋರದ ಮೂವತ್ತೊಂದು ವರ್ಷದ ಲೆಕ್ಕ ಅಲ್ಲಿಂದ ಶುರು.

ಇನ್ನು ನನ್ನ ಕೈಯ ವಿಷಯ. ಇಪ್ಪತ್ತಾರನೇ ವಯಸ್ಸಿಗೆ ನನಗೆ ಕೀಲುವಾತ ಬಂತು. ಮುದುಕರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆ, ಅದಕ್ಕೆ ವಯಸ್ಸು ಕೇಳುವ ಅಭ್ಯಾಸವಿರಲಿಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಮೇಲೆ ಎಲೆ ಬಳ್ಳಿ ಬರೆಯುತ್ತಿದ್ದವಳು ನಾನು. ಬೆರಳಿನ ಗೆಣ್ಣುಗಳು ಊದಿಕೊಂಡು, ಕುಂಚ ಜಾರಿ ಜಾರಿ ಬಿದ್ದು, ಕೊನೆಗೆ ನಾನೇ ಬಿಟ್ಟು ಬಂದೆ. ಒಂದು ವರ್ಷ ಗೋಡೆ ನೋಡುತ್ತಾ ಮಲಗಿದೆ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರಗಳಿಗೆ ಜೀವ ಕೊಡುವುದನ್ನು ಕಲಿಯಲು ಹೊರಟೆ. ಅದರಲ್ಲಿ ಚಿತ್ರ ಬರೆಯುವ ಪೆನ್ನು ತೆಳ್ಳಗಿತ್ತು, ಹಿಡಿಯಲು ಆಗುತ್ತಿರಲಿಲ್ಲ. ಬಿಸಿನೀರಿನ ಪೈಪಿಗೆ ಹೊದಿಸುವ ಕಪ್ಪು ಸ್ಪಂಜನ್ನು ತಂದು ಅಪ್ಪ ಅದಕ್ಕೆ ಸುತ್ತಿಕೊಟ್ಟ. ಕಂಪ್ಯೂಟರನ್ನೂ ನಾವಿಬ್ಬರೇ ಮನೆಯಲ್ಲಿ ಕಟ್ಟಿದೆವು. ತಿಂಗಳಿಗೆ ಒಂದೊಂದು ಭಾಗ ಬರುತ್ತಿತ್ತು. ನಾನು ಓದಿ ಹೇಳುವುದು, ಅಪ್ಪ ಕೂರಿಸುವುದು. ನನ್ನ ಕೈಗೆ ಒಂದು ಸ್ಕ್ರೂ ಕೂಡ ತಿರುಗುತ್ತಿರಲಿಲ್ಲ.

ಕಿವಿ ಕೇಳದ ಮಕ್ಕಳಿಗೆ ಪಾಠದ ಚಿತ್ರಗಳನ್ನು ಮಾಡುವ ಒಂದು ಸಂಸ್ಥೆ ಮನೆಯಿಂದಲೇ ದುಡಿಯುವವರನ್ನು ಹುಡುಕುತ್ತಿತ್ತು. ಪರೀಕ್ಷೆಗೆಂದು ನಲವತ್ತು ಸೆಕೆಂಡಿನ ಒಂದು ಚಿತ್ರ ಕೇಳಿದ್ದರು. ನನ್ನದು ಮೆಟ್ಟಿಲು ಹತ್ತುವ ಆಮೆ. ಎರಡೂವರೆ ತಿಂಗಳು ಅದರ ನಾಲ್ಕು ಕಾಲಿನ ಹಿಂದೆಯೇ ಬಿದ್ದಿದ್ದೆ. ಬುಧವಾರ ಸಂಜೆ ಐದಕ್ಕೆ ಗಡುವು. ನನ್ನ ಕೈಗೆ ಹೊಂದುವ ಕೆಲಸ ಇನ್ನೊಂದು ಇರಬಹುದು, ನನಗಂತೂ ಕಂಡಿರಲಿಲ್ಲ. ಇದೂ ಹೋದರೆ ಮತ್ತೆ ಗೋಡೆ ನೋಡುತ್ತಾ ಮಲಗುವುದೇ ಎಂದು ಹೆದರಿದ್ದೆ.

ಬರೆದ ಚಿತ್ರಗಳನ್ನೆಲ್ಲ ಬೆಳಕು ನೆರಳು ಸೇರಿಸಿ ಒಂದೇ ಸಿನಿಮಾ ಮಾಡಿಕೊಡಲು ನಮ್ಮ ಯಂತ್ರಕ್ಕೆ ಮೂರು ಗಂಟೆಯ ಮೇಲೆ ಬೇಕಾಗಿತ್ತು. ಸೋಮವಾರ ಅದನ್ನು ಶುರು ಮಾಡಿದರೆ ಇಪ್ಪತ್ತು ನಿಮಿಷಕ್ಕೆ ಕಾದ ಹಂಚಾಗಿ ತಾನೇ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಪ್ರೊಸೆಸರಿನ ಮೇಲಿದ್ದ ಪುಟ್ಟ ಫ್ಯಾನು ಸಾಲದಾಗಿತ್ತು. ಮಂಗಳವಾರ ಅಪ್ಪ ಎರಡು ಫ್ಯಾನಿನ, ಗೇಣುದ್ದದ ಹೊಸ ಕೂಲರ್ ತಂದ. ಜೊತೆಗೆ ಬಂದ ಚೀಟಿಯಲ್ಲಿ ಚಿತ್ರ ಸಮೇತ ಎಲ್ಲ ಬರೆದಿತ್ತು. ಚೀಟಿ ಓದಿ ಕೆಲಸ ಮಾಡುವುದೆಂದರೆ ಅಪ್ಪನಿಗೆ ಅವಮಾನ. ಹಳೆಯದನ್ನು ಬಿಚ್ಚಿ, ಒರೆಸಿ, ಶಾಖ ದಾಟಿಸುವ ಹೊಸ ಪೇಸ್ಟು ಹಚ್ಚಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಎದುರೆದುರು ಜೋಡಿಯಾಗಿ ತಿರುಗಿಸಿ ಕೂರಿಸಿದ. ನಾನು ಬೆನ್ನಿನ ಕೆಳಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದೆ.

“ಹಚ್ಚಿ ನೋಡೋಣ ಅಪ್ಪ.”

“ಈಗಲೇ ಬೇಡ ಮರಿ. ಪೇಸ್ಟು ಹಚ್ಚಿದ್ದೀನಿ. ಒಂದು ರಾತ್ರಿ ಒಣಗಲಿ.”

“ಇದು ಪೈಪಿನ ಪೇಸ್ಟಲ್ಲ ಅಪ್ಪ, ಒಣಗೋ ಜಾತಿದಲ್ಲ.”

“ಒಣಗದ ಪೇಸ್ಟು ಅಂತ ಎಲ್ಲಾದರೂ ಇರುತ್ತಾ? ಸುಮ್ನೆ ಮಲಕ್ಕೋ.”

ಸುಮ್ಮನೆ ಮಲಗಿದೆ. ಆ ಒಂದು ಸಂಜೆ ನಾನು ಹಟ ಹಿಡಿಯಬೇಕಿತ್ತು. ಈಗಲೂ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಬುಧವಾರ ಬೆಳಿಗ್ಗೆ ಏಳೂವರೆಗೆ ಅಪ್ಪ ಗುಂಡಿ ಒತ್ತಿದ. ದೀಪ ಹತ್ತಿತು, ಎರಡೂ ಫ್ಯಾನು ತಿರುಗಿದವು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅಷ್ಟರಲ್ಲೇ ಎಲ್ಲ ನಿಂತಿತು. ತಾನಾಗಿಯೇ ಮತ್ತೆ ತಿರುಗಿತು, ಮತ್ತೆ ನಿಂತಿತು. ಪರದೆ ಕಪ್ಪಗೆ ಕೂತಿತ್ತು. ಒಳಗೆ, ಎಲ್ಲ ಭಾಗಗಳೂ ಕೂರುವ ಬೋರ್ಡಿನ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು.

ಮೊದಲ ಒಂದು ಗಂಟೆ ನಾನು ಬುದ್ಧಿವಂತಳಂತೆಯೇ ನಡೆದುಕೊಂಡೆ. ಮೊಬೈಲಿನಲ್ಲಿ ಹುಡುಕಿ ಓದಿದೆ, ಅಪ್ಪ ಮಾಡಿದ. ಪರದೆಯ ವೈರು ಬದಲಾಯಿಸಿದೆವು. ಪ್ರೊಸೆಸರಿಗೆ ಕರೆಂಟು ಕೊಡುವ ವೈರು ಕಿತ್ತು ಮತ್ತೆ ಒತ್ತಿದೆವು. ಫ್ಯಾನಿನ ವೈರು ಸರಿಯಾದ ಜಾಗದಲ್ಲೇ ಇತ್ತು. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಎಷ್ಟೋ ಜನ ಮರೆಯುತ್ತಾರೆ ಎಂದು ಓದಿ ಕಸದ ಬುಟ್ಟಿ ಮಗುಚಿದೆವು. ಕಿತ್ತ ಹಾಳೆ ಅದರಲ್ಲೇ ಇತ್ತು. ಕೆಂಪು ದೀಪ ರ‍್ಯಾಮಿಗೆ ಅಂದರೆ ಯಂತ್ರದ ನೆನಪಿನ ಪಟ್ಟಿಗೆ ಸಂಬಂಧಿಸಿದ್ದು ಎಂದು ತಿಳಿದ ಮೇಲೆ ಎರಡು ರ‍್ಯಾಮ್ ಪಟ್ಟಿಗಳನ್ನೂ ಕಿತ್ತು, ಒರೆಸಿ, ಒಂದನ್ನೇ ಹಾಕಿ, ಇನ್ನೊಂದನ್ನೇ ಹಾಕಿ, ಜಾಗ ಅದಲು ಬದಲು ಮಾಡಿ ನೋಡಿದೆವು. ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಹತ್ತು ನಿಮಿಷ ಕಾದು ಹಾಕಿದೆವು. ಪ್ರತಿ ಸಲವೂ ತಿರುಗುವುದು, ನಿಲ್ಲುವುದು, ಅದೇ ಕೆಂಪು ಕಾಳು.

“ಕರೆಂಟು ಸರಿಯಿಲ್ಲ” ಎಂದ ಅಪ್ಪ.

“ಫ್ಯಾನು ತಿರುಗ್ತಿಲ್ವಾ?”

“ಹಾಗಿದ್ರೆ ಅಂಗಡಿಯವನು ಕೆಟ್ಟಿದ್ದು ಕೊಟ್ಟಿದ್ದಾನೆ.”

“ಕೂಲರ್ ಅಂದ್ರೆ ಒಂದು ಕಬ್ಬಿಣದ ತುಂಡು, ಎರಡು ಫ್ಯಾನು. ಅದರಲ್ಲಿ ಕೆಡೋಕೆ ಏನಿದೆ ಅಪ್ಪ?”

ಒಂಬತ್ತಕ್ಕೆ ಸಂಸ್ಥೆಗೆ ಫೋನು ಮಾಡಿದೆ. ಗಡುವು ಎಲ್ಲರಿಗೂ ಒಂದೇ ಎಂದು ಆ ಕಡೆಯ ಹೆಂಗಸು ಮೆತ್ತಗೆ ಹೇಳಿದಳು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ರಿಪೇರಿ ಅಂಗಡಿ ಎರಡು ಬೀದಿ ಆಚೆ. ಅಪ್ಪ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ, ಕೂಸಿನಂತೆ ಎರಡೂ ಕೈಯಲ್ಲಿ ತಬ್ಬಿಕೊಂಡು ನಡೆದ. ನಾನು ಹಿಂದಿನಿಂದ ಕುಂಟುತ್ತಾ ಹೋದೆ. ಎದುರಿಗೆ ಬಂದ ಸೈಕಲ್ಲಿನವನನ್ನು ಅಪ್ಪ ಹಾದಿ ಬಿಡು ಎಂದು ಗದರಿಕೊಂಡ. ಹತ್ತಕ್ಕೆ ಷಟರ್ ಎತ್ತಿದ ಅಂಗಡಿಯಲ್ಲಿ ನಮಗಿಂತ ಮುಂದೆ ನಾಲ್ಕು ಜನ. ನಮ್ಮ ಸರದಿ ಬರುವ ಹೊತ್ತಿಗೆ ಹನ್ನೊಂದು ಕಾಲು. ರಿಪೇರಿಯವನು ಹಣೆಗೆ ಕಟ್ಟಿಕೊಂಡ ದೀಪ ಹಚ್ಚಿ ಒಳಗೆ ಇಣುಕಿದ. ನಮ್ಮ ರ‍್ಯಾಮನ್ನು ತನ್ನ ಯಂತ್ರಕ್ಕೆ ಹಾಕಿದ, ಅಲ್ಲಿ ಸಲೀಸಾಗಿ ಕೆಲಸ ಮಾಡಿತು. ತನ್ನ ರ‍್ಯಾಮನ್ನು ನಮ್ಮದಕ್ಕೆ ಹಾಕಿದ, ಕೆಂಪು ಕಾಳು ಮತ್ತೆ ಹತ್ತಿತು.

“ಕೂಲರ್ ಯಾರು ಹಾಕಿದ್ದು ಯಜಮಾನ್ರೇ?”

ಅಪ್ಪ ನನ್ನ ಮುಖ ನೋಡಲಿಲ್ಲ. “ಒಬ್ರು ಹಾಕಿಕೊಟ್ರು” ಎಂದ.

“ಸರಿಯಾಗಿ ಕೂತಿದೆ ತಾನೇ?”

“ಅದರ ಮಾತೇ ಬೇಡ. ಒಂದು ಚೂರೂ ಅಲ್ಲಾಡಲ್ಲ” ಎಂದ ಅಪ್ಪ. ಅಷ್ಟು ಸಂಕಟದಲ್ಲೂ ದನಿಯಲ್ಲಿ ಜಂಬವಿತ್ತು.

“ಹಾಗಾದ್ರೆ ಪ್ರೊಸೆಸರ್ ಹೋಗಿರಬೇಕು, ಇಲ್ಲಾಂದ್ರೆ ಬೋರ್ಡೇ ಹೋಗಿದೆ. ಪೂರ್ತಿ ಬಿಚ್ಚಿ ನೋಡ್ಬೇಕು. ಬಿಟ್ಟು ಹೋಗಿ, ಶನಿವಾರ ಹೇಳ್ತೀನಿ.”

ಚಿತ್ರಗಳಿದ್ದ ಡಿಸ್ಕನ್ನು ಅವನ ಯಂತ್ರಕ್ಕೆ ಹಾಕಿ ನನ್ನ ಆಮೆಯ ಸಿನಿಮಾ ಮಾಡಿಸಲಾಗುತ್ತದೆಯೇ ಎಂದು ಕೇಳಿದೆ. ಅವನು ಪಾಪ, ನಗಲಿಲ್ಲ. “ಹಾಕಬಹುದು ಮೇಡಂ. ನಿಮ್ಮ ಆಮೆ ಹಾಗೇ ಕ್ಷೇಮವಾಗಿ ಇರುತ್ತೆ. ಆದ್ರೆ ನನ್ನದು ಬಿಲ್ಲು ಬರೆಯೋ ಯಂತ್ರ. ನೀವು ಮೂರು ಗಂಟೆ ಅಂತೀರಲ್ಲ, ಇದಕ್ಕೆ ಎರಡು ದಿನ ಬೇಕು.”

ಹನ್ನೆರಡೂವರೆಗೆ ಮನೆಗೆ ಬಂದೆವು, ಯಂತ್ರವನ್ನೂ ಹೊತ್ತುಕೊಂಡೇ. ಕಿಟಕಿ ಗಾಜಿನ ಆಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಮ್ಮ ಪಾಳಿ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನಮ್ಮ ಮುಖ ನೋಡಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು. ನಾನು ಲೆಕ್ಕ ಹಾಕಿದೆ: ಸಿನಿಮಾಕ್ಕೆ ಮೂರು ಗಂಟೆ ಹತ್ತು ನಿಮಿಷ, ಕಳಿಸಲು ಕಡಿಮೆಯೆಂದರೂ ಹತ್ತು ನಿಮಿಷ. ಒಂದೂವರೆಯೊಳಗೆ ಶುರುವಾಗದಿದ್ದರೆ ಆಮೆ ಮೆಟ್ಟಿಲು ಹತ್ತಿದಂತೆಯೇ. ಅಪ್ಪ ಯಂತ್ರವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಗುಂಡಿ ಒತ್ತಿದ. ತಿರುಗಿತು, ನಿಂತಿತು. ಮತ್ತೆ ಒತ್ತಿದ. ಕೊನೆಗೆ ಕೈಚೆಲ್ಲಿ ಸ್ಟೂಲಿನ ಮೇಲೆ ಕುಸಿದ.

“ನಾನೇ ಕೊಂದೆ ಇದನ್ನ” ಎಂದ. “ರಿಪೇರಿಯವನ ಮುಂದೆ ಸುಳ್ಳು ಬೇರೆ ಹೇಳಿದೆ.”

ನಾನು ಸಮಾಧಾನ ಹೇಳಬೇಕಿತ್ತು. ಬಾಯಿ ಒಣಗಿತ್ತು, ನೀರು ಕುಡಿಯೋಣವೆಂದು ಅಡುಗೆಮನೆಗೆ ಹೋಗಿ ನಲ್ಲಿ ಹಿಡಿದೆ. ತಿರುಗಲಿಲ್ಲ. ಎರಡೂ ಕೈ ಹಾಕಿದೆ. ಗೆಣ್ಣಿನಲ್ಲಿ ಚಳುಕು ಮೊಣಕೈವರೆಗೆ ಹರಿಯಿತು. ಅಮ್ಮ ಎಂದಿನಂತೆ ಕೈ ಚಾಚಿ ಒಂದೇ ಏಟಿಗೆ ತಿರುಗಿಸಿ ಲೋಟ ತುಂಬಿಕೊಟ್ಟಳು. ಅದನ್ನು ನೋಡಿದ್ದೇ ತಡ, ಮೂರು ವರ್ಷದ ಸಿಟ್ಟು ನೆತ್ತಿಗೇರಿತು. ಲೋಟವನ್ನು ಅಲ್ಲೇ ಕುಕ್ಕಿ ಹೊರಗೆ ಬಂದೆ.

“ಅಪ್ಪ, ನನ್ನ ಕೈ ಹೀಗಾಗಿ ಮೂರು ವರ್ಷ ಆಯ್ತು. ಈ ಮನೇಲಿ ಒಂದು ನಲ್ಲಿ ನನಗೆ ತಿರುಗಲ್ಲ. ಒಂದು ಡಬ್ಬಿ ತೆಗೆಯೋಕಾಗಲ್ಲ. ಅಮ್ಮ ಕೆಲಸಕ್ಕೆ ಹೋದ್ರೆ ಅವಳು ಬರೋವರೆಗೂ ಚೊಂಬಿನಲ್ಲಿ ಇರೋ ನೀರೇ ನನಗೆ ಗತಿ. ಮುಖ ತೊಳೆಯೋಕೂ ಇನ್ನೊಬ್ಬರು ಬೇಕು. ಒಂದು ದಿನ ಕಣ್ಣುಬಿಟ್ಟು ನೋಡಿದ್ದೀಯಾ? ಎಲ್ಲದಕ್ಕೂ ಇನ್ನರ್ಧ, ಇನ್ನರ್ಧ, ಇನ್ನರ್ಧ! ನೀನು ಕೈ ಇಟ್ಟಿದ್ದೆಲ್ಲ ಉಸಿರು ಕಟ್ಟಿ ಸಾಯುತ್ತೆ. ಇದಕ್ಕೂ ಅದನ್ನೇ ಕೊಟ್ಟಿರ್ತೀಯ, ಇನ್ನೇನು ಮಾಡಿರ್ತೀಯ!”

ಅಮ್ಮ “ಸಾಕು ಕಣೇ” ಎಂದಳು. ಆಡಿದ ಮಾತು ಆಗ ನನಗೇ ಕೇಳಿಸಿತು. ನಲ್ಲಿಯ ವಿಷಯವನ್ನು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೆ ಅಂದೇ ಕೇಳುತ್ತಿದ್ದನೋ ಏನೋ. ಹೇಳಲು ನನಗೊಂದು ಬಿಂಕ, ತಾನಾಗಿ ತಿಳಿಯಲಿ ಎಂದು.

ಅಪ್ಪ ಕೂಲರಿನ ಒಂದು ಸ್ಕ್ರೂ ಮುಟ್ಟಿ ನೋಡಿದ. ಅವನ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ಕಂಡಿದ್ದು. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಹೌದು, ಕೊಟ್ಟೆ” ಎಂದ.

“ಏನು?”

“ನಾಲ್ಕಕ್ಕೂ ಕೊಟ್ಟೆ. ಸ್ಪ್ರಿಂಗು ಪೂರ್ತಿ ಕೂತು ಸ್ಕ್ರೂ ನಿಂತಿತ್ತು. ಆದ್ರೂ ಇನ್ನರ್ಧ ಕೊಟ್ಟೆ. ಬೋರ್ಡು ಸ್ವಲ್ಪ ಕಿರ್ ಅಂತು. ಗಟ್ಟಿಯಾಯ್ತು ಅಂದ್ಕೊಂಡೆ.”

ನಾನು ಮೇಜಿನ ಬಳಿ ಬಗ್ಗಿ ಬೋರ್ಡನ್ನು ಅಂಚಿನಿಂದ ನೋಡಿದೆ. ಬೆಳಗ್ಗೆಯಿಂದ ಮೇಲಿನಿಂದಲೇ ನೋಡುತ್ತಿದ್ದೆವು. ಪಕ್ಕದಿಂದ ನೋಡಿದರೆ ಕೂಲರಿನ ಸುತ್ತ ಬೋರ್ಡು ಬಿಲ್ಲಿನಂತೆ ಬಾಗಿತ್ತು, ಕೂದಲೆಳೆಯಷ್ಟೇ. ರ‍್ಯಾಮಿನ ಸಾಲು ಅದಕ್ಕೆ ಅಂಟಿಕೊಂಡೇ ಇತ್ತು, ಬಾಗಿದ ಕಡೆ ಅದರ ಸಂಪರ್ಕ ತಪ್ಪಿರಬೇಕು. ಸ್ಟೂಲಿನ ಕೆಳಗೆ ಬಿದ್ದಿದ್ದ ಚೀಟಿಯನ್ನು ಅಮ್ಮ ಎತ್ತಿ ಕೊಟ್ಟಳು. ನಾಲ್ಕನೇ ಚಿತ್ರದಲ್ಲಿ ಸ್ಕ್ರೂ ಪಕ್ಕ ಒಂದು ಅಂಗೈ, ನಿಲ್ಲು ಎನ್ನುವ ಹಾಗೆ.

“ಸಡಿಲ ಮಾಡು ಅಪ್ಪ.”

“ನೀನು ಮಾಡು ಮರಿ. ನನ್ನ ಕೈಗೆ ನಂಬಿಕೆ ಇಲ್ಲ.”

“ನನಗೆ ತಿರುಗುತ್ತಾ? ನೀನು ಹಾಕಿದ್ದು ಅದು.”

ಅಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡ. ಮೊದಲ ಸ್ಕ್ರೂ ಕಿತ್ತುಕೊಂಡು ಹಿಂದಕ್ಕೆ ಬಂದಾಗ ಅವನ ಬಾಯಿಂದ ನೋವಿನಂಥ ಒಂದು ಶಬ್ದ ಬಂತು. ಎದುರಿನದ್ದು, ಆಮೇಲೆ ಉಳಿದೆರಡು. ಸ್ವಲ್ಪ ಸ್ವಲ್ಪವೇ, ಒಂದೊಂದಕ್ಕೂ ನನ್ನ ಮುಖ ನೋಡುತ್ತಾ, “ಸಾಕಾ?” “ಇನ್ನೂ ಸ್ವಲ್ಪ.” “ಸಾಕಾ?” ಎಂದು ಕೇಳುತ್ತಾ. ಮೂವತ್ತೊಂದು ವರ್ಷದಲ್ಲಿ ಅವನು ಯಾರನ್ನೂ ಈ ಮಾತು ಕೇಳಿರಲಿಕ್ಕಿಲ್ಲ. ಪಕ್ಕದಿಂದ ನೋಡುತ್ತಿದ್ದ ನನಗೆ ಬೋರ್ಡು ನೆಟ್ಟಗಾಗುವುದು ಕಂಡಿತು.

ಗುಂಡಿಯನ್ನು ಅಮ್ಮ ಒತ್ತಿದಳು, ನಮ್ಮಿಬ್ಬರಿಗೂ ಧೈರ್ಯ ಸಾಲದೆ. ಫ್ಯಾನು ತಿರುಗಿತು. ಕೆಂಪು ಕಾಳು ಹತ್ತಿತು. ಐದು ಎಣಿಸುವಷ್ಟು ಹೊತ್ತು, ಹತ್ತು ಎಣಿಸುವಷ್ಟು ಹೊತ್ತು ಅದು ಹಾಗೇ ಉರಿಯಿತು. ಆರಿತು. ಫ್ಯಾನು ನಿಲ್ಲಲಿಲ್ಲ. ಪರದೆ ಬೆಳಗಿತು.

ಅಪ್ಪ ಗೋಡೆಗೆ ಮುಖ ಮಾಡಿ ನಿಂತು ಅತ್ತ. ಅಮ್ಮ, “ಅಳೋದು ಆಮೇಲೆ, ಮೊದಲು ದಾರಿ ಬಿಡಿ, ಅವಳು ಕೂರಬೇಕು” ಎಂದು ಅವನನ್ನು ಪಕ್ಕಕ್ಕೆ ಸರಿಸಿದಳು.

ಒಂದು ಇಪ್ಪತ್ತೆರಡಕ್ಕೆ ಶುರು ಮಾಡಿದೆ. ಮೂರು ಗಂಟೆಗೂ ಮಿಕ್ಕಿ ಅಪ್ಪ ಆ ಸ್ಟೂಲು ಬಿಟ್ಟು ಏಳಲಿಲ್ಲ. ಬಿಸಿನೀರಿನ ಪೈಪನ್ನು ಪರೀಕ್ಷಿಸುವಂತೆ ಅಂಗೈಯ ಹಿಂಭಾಗವನ್ನು ಆಗಾಗ ಕೂಲರಿನ ಪಕ್ಕ ಹಿಡಿದು, “ಪರವಾಗಿಲ್ಲ, ಉಗುರುಬೆಚ್ಚಗಿದೆ” ಎನ್ನುತ್ತಿದ್ದ. ನಾನು ಅವನಲ್ಲಿ ಕ್ಷಮೆ ಕೇಳಿದೆ. “ಬಿಡು ಮರಿ, ನೀನು ಬೈಯದಿದ್ರೆ ನನಗೆ ಹೊಳೀತಾನೇ ಇರಲಿಲ್ಲ” ಎಂದ. ಆದರೆ ಅವನ ಮುಖ ಬಾಡಿಯೇ ಇತ್ತು. ನಾನು ಆಡಿದ್ದು ಬರೀ ಸ್ಕ್ರೂಗಳ ವಿಷಯವಾಗಿರಲಿಲ್ಲವಲ್ಲ. ನಾಲ್ಕು ಐವತ್ತಕ್ಕೆ ಆಮೆ ಹೋಯಿತು. ಹನ್ನೆರಡು ದಿನಕ್ಕೆ ಉತ್ತರ ಬಂತು, ಈಗ ಅಲ್ಲಿ ನನಗಿದು ಮೂರನೇ ವರ್ಷ.

ಆದರೆ ಅಪ್ಪ ಎಂದಾಗ ನನಗೆ ನೆನಪಾಗುವುದು ಆ ಬುಧವಾರವಲ್ಲ, ಮರುದಿನದ ಬೆಳಿಗ್ಗೆ.

ಎದ್ದು ಬಚ್ಚಲಿಗೆ ಹೋದೆ. ಎಂದಿನ ಅಭ್ಯಾಸದಂತೆ ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ನಲ್ಲಿ ಹಿಡಿದು ಬಲ ಹಾಕಿ ತಿರುಗಿಸಿದರೆ ನೀರು ಭುಸ್ಸೆಂದು ನುಗ್ಗಿ ಮೈಯೆಲ್ಲ ತೋಯಿತು. ಪೇಸ್ಟಿನ ಮುಚ್ಚಳ ಹೆಬ್ಬೆರಳು ತಾಗಿಸಿದ್ದಕ್ಕೇ ಬಿಚ್ಚಿಕೊಂಡಿತು. ಅಡುಗೆಮನೆಗೆ ಬಂದೆ. ಸಕ್ಕರೆ ಡಬ್ಬಿ, ಕಾಫಿಪುಡಿ ಡಬ್ಬಿ, ಎಣ್ಣೆಯ ಬಾಟಲಿ, ನನ್ನ ಔಷಧಿಯ ಶೀಷೆ, ಎಲ್ಲದರ ಮುಚ್ಚಳವೂ ಸಡಿಲವಾಗಿತ್ತು. ನಾನು ಏಳುವ ಮೊದಲೇ ಅಪ್ಪ ಮನೆಯೆಲ್ಲ ಸುತ್ತಿಬಂದಿದ್ದ. ಪಾತ್ರೆ ತೊಳೆಯುವ ಕಡೆಯ ನಲ್ಲಿ ಮಾತ್ರ ತೀರಾ ಹಳೆಯದು. ಅದರ ತುದಿಯಿಂದ ಹನಿ ಬೀಳುತ್ತಿತ್ತು. ಕೆಳಗೆ ಒಂದು ಬಟ್ಟಲು ಇಟ್ಟಿದ್ದ. ಅಪ್ಪ ಮೇಜಿನ ಬಳಿ ಕಾಫಿ ಹಿಡಿದು ಕೂತಿದ್ದ. ಒಂದೊಂದು ಹನಿ ಬಿದ್ದಾಗಲೂ ಅವನ ದವಡೆ ಬಿಗಿಯುತ್ತಿತ್ತು.

“ಅಪ್ಪ, ನಲ್ಲಿ ತೊಟ್ಟಿಕ್ತಿದೆ.”

“ಗೊತ್ತು. ನಿನ್ನ ಕೈಗೆ ಎಷ್ಟು ಬರುತ್ತೋ ಅಷ್ಟೇ ಮುಚ್ಚು.”

ಎರಡು ಬೆರಳಲ್ಲಿ ತಿರುಗಿಸಿದೆ, ನೋವಾಗದಷ್ಟು. ಹನಿ ನಿಧಾನವಾಯಿತು, ನಿಲ್ಲಲಿಲ್ಲ. ತೊಡೆಯ ಮೇಲಿದ್ದ ಅಪ್ಪನ ಬಲಗೈ ತಂತಾನೇ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿತು. ಅವನು ಏಳಲಿಲ್ಲ.